ರಹಿಮತ್ಬಿಯ ಮಾತು ಟಾಕೀಸಿಗೆ ಹೋದದ್ದು

ಶಿರಸಿಯ ಮುಸಲ್ಮಾನರ ಕೇರಿಯಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ ಮೊದಲು ಹೇಳಿ ಕಳಿಸುತ್ತಿದ್ದದ್ದು ರಹಿಮತ್ಬಿಗೆ. ಮಸೀದಿಯ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗಳನ್ನು ಯಲ್ಲಾಪುರಕ್ಕೆ ಕೊಟ್ಟಾಗಿತ್ತು. ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಬಂದು ಮಾತಿಲ್ಲದೆ ನಿಂತರೆ ಸಾಕು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಬಿಡುತ್ತಿದ್ದಳು. "ಯಾರು?" ಎಂದು ಕೇಳುತ್ತಿದ್ದದ್ದು ದಾರಿಯಲ್ಲಿ.

ಹೆಣ ತೊಳೆಯುವುದು ಆಕೆಯ ಕೆಲಸ. ಕೇಳಿದವರ ಮೈ ಜುಮ್ಮೆನ್ನಬಹುದು. ಜುಮ್ಮೆಂದರೆ ಅನ್ನಲಿ, ಯಾರಾದರೊಬ್ಬರು ಮಾಡಲೇಬೇಕಾದ ಕೆಲಸ ಅದು. ಹೆಂಗಸಿನ ಮೈಯನ್ನು ಹೆಂಗಸೇ ತೊಳೆಯಬೇಕು. ಹಿತ್ತಲಲ್ಲಿ ನಾಲ್ಕೂ ಕಡೆ ಪರದೆ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಮೈಮೇಲೊಂದು ಬಟ್ಟೆ ಹೊದಿಸಿಯೇ ತೊಳೆಯಬೇಕು. ಬೋರೆ ಎಲೆ ಹಾಕಿ ಕಾಯಿಸಿದ ನೀರು, ಕಡೆಗೆ ಕರ್ಪೂರದ ನೀರು. ಒಬ್ಬರು ತೊಳೆಯುವವರು, ಒಬ್ಬರು ನೀರು ಹೊಯ್ಯುವವರು, ಬಟ್ಟೆ ಹಿಡಿಯುವವರು ಇನ್ನೊಬ್ಬರು. ನಾಲ್ಕನೆಯವರಿಗೆ ಒಳಗೆ ಜಾಗವಿಲ್ಲ.

ಹೊರಗಡೆ ರಹಿಮತ್ಬಿಯ ಬಾಯಿ ದೊಡ್ಡದು. ಬಾವಿಕಟ್ಟೆಯಲ್ಲಿ ಸರದಿ ತಪ್ಪಿಸಿದವರ ಏಳು ತಲೆಮಾರನ್ನು ಎತ್ತಿ ಆಡುತ್ತಿದ್ದಳು. ತಕ್ಕಡಿ ಒತ್ತಿದ ಅಂಗಡಿಯವನು ಆಕೆಯನ್ನು ಕಂಡರೆ ಒಳಗೆ ಹೋಗಿ ಕೂರುತ್ತಿದ್ದ. ಅಂಥವಳು ಪರದೆಯ ಒಳಗೆ ಕಾಲಿಟ್ಟರೆ ಬೇರೆಯೇ ಹೆಂಗಸು. ದನಿ ಇಳಿದುಹೋಗುತ್ತಿತ್ತು. ಮಲಗಿದ ಜೀವಕ್ಕೆ ನೋವಾದೀತೆಂಬಂತೆ ಬೆರಳು ಆಡಿಸುತ್ತಿದ್ದಳು. ಇದನ್ನು ಕಲಿಸಿದವಳು ಅವಳ ಅತ್ತೆ. ಅತ್ತೆ ಕಲಿಸಿದ ಮೊದಲ ಪಾಠ ನೀರಿನದಲ್ಲ, ಬಾಯಿಯದು: ಪರದೆಯ ಒಳಗೆ ಕಂಡದ್ದು, ಕೇಳಿದ್ದು, ಏನೇ ಇರಲಿ, ಹೊರಗೆ ಹೋಗಿ ಹೇಳಬಾರದು. ಮೈಮೇಲಿನ ಗಾಯದ ಕಲೆಯಿರಲಿ, ಒಳಗೆ ನಿಂತವರ ಅಳುವಿರಲಿ, ಎಲ್ಲ ಆ ನೀರಿನ ಜೊತೆ ಹರಿದುಹೋಗಬೇಕು.

ಅತ್ತೆ ಕಲಿಸಿದ್ದು ಇನ್ನೊಂದಿತ್ತು. ಕರ್ಪೂರದ ನೀರು ಹೊಯ್ದಾದ ಮೇಲೆ, ಬಿಳಿ ಬಟ್ಟೆ ಸುತ್ತುವ ಮೊದಲು, ತೀರಿಕೊಂಡವಳ ಎರಡೂ ತೋಳನ್ನು ಮೈಯ ಪಕ್ಕಕ್ಕೆ ನೆಟ್ಟಗೆ ಚಾಚಿ ಇಟ್ಟು, ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಬೇಕು. "ಹೊರೆ ಇಳಿಸಿದ್ವಿ ತಾಯಿ, ಇನ್ನು ಕೈ ಬೀಸಿ ನಡೆ." ಆ ಕೇರಿಯಲ್ಲಿ ಮನೆಯೊಳಗಿನ ಮಾತೆಲ್ಲ ಉರ್ದು. ದುವಾ ಅರಬ್ಬಿ. ಇದೊಂದು ಮಾತ್ರ ಕನ್ನಡ. ಯಾಕೆ ಕನ್ನಡ ಎಂದು ರಹಿಮತ್ಬಿ ಅತ್ತೆಯನ್ನು ಕೇಳಲಿಲ್ಲ. ಅತ್ತೆ ಹೇಳುತ್ತಿದ್ದಳು, ತಾನೂ ಹೇಳಿದಳು. ಕಿವಿಯಲ್ಲಿ ಹೇಳುವ ಮಾತಾದ್ದರಿಂದ ನೀರು ಹೊಯ್ಯುವವರಿಗೆ ಕೇಳಿದರೆ ಕೇಳಿತು, ಇಲ್ಲವಾದರೆ ಇಲ್ಲ. ಅವರ ಮನಸ್ಸು ಆ ಹೊತ್ತಿನಲ್ಲಿ ಎಲ್ಲಿರುತ್ತದೋ ಯಾರು ಬಲ್ಲರು.

ಆ ವರ್ಷ ಬೇಸಗೆಯಲ್ಲಿ ಮಗಳ ಬಾಣಂತನಕ್ಕೆಂದು ರಹಿಮತ್ಬಿ ಯಲ್ಲಾಪುರಕ್ಕೆ ಹೋದಳು. ಇತ್ತ ಶಿರಸಿಗೆ ಟಾಕೀಸಿನ ತಂಬು ಬಂತು. ಪರದೆಯ ಮೇಲಿನ ಚಿತ್ರ ಕನ್ನಡದಲ್ಲೇ ಮಾತಾಡುತ್ತದೆ ಎಂದು ಡಂಗುರ ಸಾರಿದ್ದೇ ತಡ, ಊರಿಗೆ ಊರೇ ಮುರಿದುಕೊಂಡು ಬಿತ್ತು. ಹೆಂಗಸರಿಗೆ ಬೇರೆ ಕಟ್ಟೆ, ನಡುವೆ ತಟ್ಟಿ. ಕತೆ ಯಾವುದೋ ರಾಣಿಯದು. ರಾಜ್ಯ ಕಳೆದುಕೊಂಡು ಮುದಿ ತಾಯಿಯನ್ನು ಕರೆದುಕೊಂಡು ಕಾಡು ಸೇರುತ್ತಾಳೆ. ತಾಯಿ ಅಲ್ಲೇ ಸಾಯುತ್ತಾಳೆ. ರಾಣಿ ಹೊಳೆಯ ನೀರು ತಂದು ತಾಯಿಯ ಮೈ ತೊಳೆದು, ಕಣ್ಣು ಮೇಲೆತ್ತಿ, ಉದ್ದಕ್ಕೆ ರಾಗ ಎಳೆದು ಹೇಳುತ್ತಾಳೆ: "ಹೊರೆ ಇಳಿಸಿದೆವು ತಾಯೇ, ಇನ್ನು ಕೈ ಬೀಸಿ ನಡೆ!" ತಂಬಿನಲ್ಲಿ ಅಳದವರಿಲ್ಲ. ಮಾರನೆಯ ದಿನದಿಂದ ಅದೇ ಮಾತು ನಗೆಯ ಮಾತಾಯಿತು. ಅಳಿಸಿದ ಮಾತಿಗೆ ನಗುವುದು ಪೇಟೆಯವರ ಜಾಯಮಾನ. ವಖಾರಿಯಲ್ಲಿ ಅಡಿಕೆ ಮೂಟೆ ಇಳಿಸುವ ಹಮಾಲರು ಪ್ರತಿ ಮೂಟೆಗೂ ರಾಗ ಎಳೆದರು. ಮಗಳ ಮದುವೆ ಮುಗಿಸಿದವನಿಗೂ ಅದೇ ಮಾತು, ಕೋರ್ಟಿನಲ್ಲಿ ಸೋತು ಬಂದವನಿಗೂ ಅದೇ.

ರಹಿಮತ್ಬಿಗೆ ಇದಾವುದೂ ಗೊತ್ತಿಲ್ಲ. ಅವಳು ಯಲ್ಲಾಪುರದಿಂದ ತಮ್ಮ ಇಸಾಕನ ಮೋಟಾರಿನಲ್ಲಿ ಬಂದು ಇಳಿದಳು. ಇಸಾಕ ಅಬ್ದುಲ್ ರಜಾಕ್ ಸಾಹೇಬರ ಸರ್ವಿಸ್ ಮೋಟಾರಿನ ಡ್ರೈವರ. ಅವಳು ಗಂಟು ಇಳಿಸುವಷ್ಟರಲ್ಲೇ ಆಳು ಬಂದು ಬಾಗಿಲಲ್ಲಿ ನಿಂತ. ರಜಾಕ್ ಸಾಹೇಬರ ಹೆಂಡತಿ ಅಮೀರುನ್ನಿಸಾ ಬಹಳ ದಿನದ ಕಾಯಿಲೆ ತೀರಿಸಿಕೊಂಡು ಆ ಬೆಳಿಗ್ಗೆ ಹೋಗಿದ್ದರು.

ಪರದೆಯ ಒಳಗೆ ಮೂವರು. ತೊಳೆಯುವವಳು ರಹಿಮತ್ಬಿ. ಬಟ್ಟೆ ಹಿಡಿದವರು ರಜಾಕ್ ಸಾಹೇಬರ ಸೋದರತ್ತೆ, ಮನೆಮಂದಿಯೆಲ್ಲ ಫೂಫಿ ಎನ್ನುತ್ತಿದ್ದ ಮುದುಕಿ. ಅವರಿಗೆ ಕಣ್ಣು ಮಂಜು, ಕಿವಿ ಅದಕ್ಕಿಂತ ಮಂದ. ನೀರು ಹೊಯ್ಯುತ್ತಿದ್ದವಳು ಮಗಳು ಜೈನಾಬ್, ಇನ್ನೂ ಎಳೆ ಹುಡುಗಿ. ನಿಕಾ ಗೊತ್ತಾಗಿ, ತಾಯಿಯ ಕಾಯಿಲೆಯಿಂದ ಮುಂದೆ ಹೋಗಿತ್ತು. ರಹಿಮತ್ಬಿ ಕರ್ಪೂರದ ನೀರು ಹೊಯ್ಯಿಸಿದಳು. ಅಮೀರುನ್ನಿಸಾರ ಒಣಗಿದ ತೋಳುಗಳನ್ನು ನೇರ ಮಾಡಿದಳು. ಬಗ್ಗಿ ಕಿವಿಯಲ್ಲಿ ಹೇಳಿದಳು.

ನಗು ಕೇಳಿಸಿತು.

ತಲೆಯೆತ್ತಿ ನೋಡಿದರೆ ಜೈನಾಬ್. ಕೊಡ ಹಿಡಿದು ನಿಂತಿದ್ದಳು. ಬಾಯಿ ನಗುತ್ತಿತ್ತು, ಮುಖ ಹೆದರಿ ಬಿಳಿಚಿಕೊಂಡಿತ್ತು. ನಗುವನ್ನು ಅವಳು ತರಲಿಲ್ಲ, ಅದಾಗಿ ಬಂದದ್ದು. ಮರುಗಳಿಗೆ ಕೊಡ ಕೈಬಿಟ್ಟು ಕಲ್ಲಿನ ಮೇಲೆ ಬಿತ್ತು. ಹುಡುಗಿ ಕಿರುಚಿದಳು:

"ಟಾಕೀಸಿನ ಮಾತು! ಅಮ್ಮೀ ಮೇಲೆ ಟಾಕೀಸಿನ ಮಾತು ಹೇಳ್ತಾಳೆ ಇವಳು!"

ಪರದೆಯ ಹೊರಗೆ ಕೇರಿಯ ಹೆಂಗಸರೆಲ್ಲ ಕೂತಿದ್ದರು, ಯಲ್ಲಾಪುರದಿಂದ ಬಂದ ಅಮೀರುನ್ನಿಸಾರ ತೌರಿನವರೂ ಇದ್ದರು. ಅವರಿಗೆ ಕೇಳಿದ್ದು ಇಷ್ಟು: ಮೊದಲು ಒಂದು ನಗು, ಆಮೇಲೆ ಮಗಳ ಕೂಗು. ಹೆಣದ ಮುಂದೆ ಮಗಳು ನಕ್ಕಾಳೆಂದು ಯಾರು ಅಂದುಕೊಂಡಾರು? ಬಿಳಿ ಬಟ್ಟೆ ಸುತ್ತಿ ಮುಗಿಯುವಷ್ಟರಲ್ಲಿ ಸುದ್ದಿ ಗಂಡಸರ ತನಕ ಹೋಗಿತ್ತು. ಹೆಣ ತೊಳೆಯುವ ರಹಿಮತ್ಬಿ ಟಾಕೀಸಿನ ಮಾತು ಆಡಿ ನಕ್ಕಳಂತೆ.

ಮೂರನೆಯ ದಿನದ ಫಾತಿಹಾ ಮುಗಿದ ಮೇಲೆ ಜಮಾತಿನ ಹಿರಿಯ ಹಯಾತ್ ಸಾಹೇಬರು ಅವಳನ್ನು ಕರೆಸಿದರು. ಅವರು ಮರದ ವ್ಯಾಪಾರಿ, ತೂಕವಾಗಿ ಮಾತಾಡುವ ಮನುಷ್ಯ. ಅವರ ಮನೆಯ ಜಗಲಿಯಲ್ಲಿ ಗಂಡಸರು ಕೂತರು. ರಹಿಮತ್ಬಿ ಒಳಬಾಗಿಲ ಪರದೆಯ ಮರೆಯಲ್ಲಿ ನಿಂತಳು. ಅಬ್ದುಲ್ ರಜಾಕರ ಕಣ್ಣು ಕೆಂಪಾಗಿತ್ತು.

"ನನ್ನ ಹೆಂಡತಿ ಮೇಲೆ ಹಮಾಲರು ಆಡೋ ಚೇಷ್ಟೆ ಆಡಿದ್ದಾಳೆ. ಇವಳ ಕೈಗೆ ಕೊಟ್ನಲ್ಲ ನಾನು!"

"ಚೇಷ್ಟೆ ಅಲ್ಲ. ನಮ್ಮತ್ತೆ ಹೇಳ್ತಿದ್ದ ಮಾತು. ನಾನು ಈ ಕೇರಿಯ ಎಲ್ರಿಗೂ ಹೇಳಿದೀನಿ. ನಿಮ್ಮ ತಾಯಿಗೂ ಹೇಳಿದೀನಿ ರಜಾಕ್ ಸಾಹೇಬ್ರೆ."

"ಸುಳ್ಳು! ಟಾಕೀಸು ಇಲ್ಲಿಂದ ಯಲ್ಲಾಪುರಕ್ಕೂ ಹೋಗಿತ್ತು, ನೀನೂ ಅಲ್ಲೇ ಇದ್ದೆ. ಅಲ್ಲಿ ನೋಡಿದೀಯ."

"ನಾನು ಬಾಣಂತಿ ಮಗೀನ ಹೇಲು ತೊಳೀತಾ ಇದ್ದೆ. ಟಾಕೀಸಿಗೆ ಹೋಗೋಕೆ ಬಿಡುವಾಗಿ ಕೂತವರು ಬೇರೆ ಇದ್ದಾರೆ."

"ಬಾಯಿ ನೋಡಿ ಬಾಯಿ!" ಎಂದು ಯಾರೋ ಎದ್ದರು. ಹಯಾತ್ ಸಾಹೇಬರು ಕೈ ಎತ್ತಿ ಕೂರಿಸಿದರು.

ಕೇರಿಯ ಮುದುಕಿಯರನ್ನು ಕೇಳಿದ್ದಾಯಿತು. ಕಡೆಗೆ ಬಗ್ಗಿ ಏನೋ ಗುಣುಗುಟ್ಟುತ್ತಿದ್ದದ್ದು ಹೌದು, ಏನೆಂದು ತಾವು ಕೇಳಿಸಿಕೊಳ್ಳಲಿಲ್ಲ, ದುವಾ ಇರಬೇಕು ಅಂದುಕೊಂಡಿದ್ದೆವು ಎಂದರು. ಹಯಾತ್ ಸಾಹೇಬರು ಎರಡೇ ಪ್ರಶ್ನೆ ಕೇಳಿದರು.

"ಈ ಮಾತು ನಿಮ್ಮತ್ತೆಗೆ ಎಲ್ಲಿಂದ ಬಂತು? ಕಿತಾಬಿನಲ್ಲಿ ಇಲ್ಲ, ನಮ್ಮ ಬೋಲಿಯೂ ಅಲ್ಲ."

"ಗೊತ್ತಿಲ್ಲ."

"ಸರಿ. ನಕ್ಕದ್ದು ಯಾರು?"

ರಹಿಮತ್ಬಿ ಬಾಯಿ ತೆರೆದಳು. ಅಲ್ಲೇ ಒಳಮನೆಯಲ್ಲಿ, ಅವಳ ಬೆನ್ನ ಹಿಂದೆಯೇ, ಹೆಂಗಸರ ನಡುವೆ ಜೈನಾಬ್ ಕೂತಿದ್ದಳು. ತಲೆ ಬಗ್ಗಿಸಿ ಓಢನಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಬಾವಿಕಟ್ಟೆಯ ರಹಿಮತ್ಬಿ ಹೇಳಿಯೇ ಬಿಡುತ್ತಿದ್ದಳು, ಊರಿಗೆಲ್ಲ ಕೇಳುವ ಹಾಗೆ. ಆದರೆ ಅದು ಪರದೆಯ ಒಳಗೆ ಕಂಡದ್ದು.

"ಪರದೆ ಒಳಗಿನದು ನಾನು ಹೇಳೋದಿಲ್ಲ."

ಅಷ್ಟು ಸಾಕಾಯಿತು ಜನಕ್ಕೆ. ಉತ್ತರ ಇಲ್ಲದಿದ್ದಕ್ಕೇ ಹೀಗೆ ಹೇಳುತ್ತಾಳೆ ಎಂದರು. ಹಯಾತ್ ಸಾಹೇಬರು, ಮಾತು ಎಲ್ಲಿಯದೆಂದು ತಿಳಿಯುವ ತನಕ ಇವಳನ್ನು ಕರೆಯುವುದು ಬೇಡ, ಬನವಾಸಿಯಿಂದ ಬೇರೆಯವರನ್ನು ಕರೆಸೋಣ ಎಂದು ಮುಗಿಸಿದರು.

ಮನೆಗೆ ಬಂದ ರಹಿಮತ್ಬಿ ಕೌದಿ ಎತ್ತಿಕೊಂಡಳು. ಹೊಲಿಗೆ ನೆಟ್ಟಗೆ ಬರಲಿಲ್ಲ, ಬಿಚ್ಚಿದಳು, ಮತ್ತೆ ಬಿಚ್ಚಿದಳು. ಹೆಣ ತೊಳೆದು ಯಾರೂ ದೊಡ್ಡವರಾಗುವುದಿಲ್ಲ, ಕರೆಯದಿದ್ದರೆ ಕಾಲು ನೋವಾದರೂ ತಪ್ಪುತ್ತದೆ. ಅದಲ್ಲ ಅವಳನ್ನು ಕೊರೆದದ್ದು. ಇಷ್ಟು ವರ್ಷ ಎಷ್ಟು ಜನರ ಕಿವಿಯಲ್ಲಿ ಆ ಮಾತು ಹೇಳಿದ್ದಳು! ಹೆರಿಗೆಯಲ್ಲಿ ಹೋದ ಎಳೆ ಹುಡುಗಿಯರು, ಹೊಡೆತ ತಿಂದು ಹೋದವರು, ಸ್ವಂತ ಅತ್ತೆ. ಈಗ ಕೇರಿಯ ಕಣ್ಣಿನಲ್ಲಿ ಅವರೆಲ್ಲರ ಮೇಲೆ ಅವಳು ಚೇಷ್ಟೆ ಆಡಿದ ಹಾಗಾಯಿತು.

ಮಾರನೆಯ ದಿನ ನೇರ ಅಡಿಕೆ ವಖಾರಿಗೆ ಹೋದಳು. ಬೀರ ಎಂಬ ಹಮಾಲ ಗಾಡಿಯಿಂದ ಮೂಟೆ ಇಳಿಸಿ, "ಹೊರೆ ಇಳಿಸಿದೆವು ತಾಯೇ..." ಎಂದು ರಾಗ ಎತ್ತಿದ್ದ.

"ಮುಚ್ಚೋ ಬಾಯಿ! ಎಲ್ಲಿ ಕಲಿತೆ ಇದನ್ನ?"

"ಅಯ್ಯ, ಟಾಕೀಸಲ್ಲಿ ಬೂಬಮ್ಮ. ರಾಣಿ ಹೇಳ್ತಾಳೆ. ಎಂತಾ ರಾಣಿ ಅಂತೀರಿ! ಕಾಡಲ್ಲಿ ಅಷ್ಟು ದಿವಸ ಇದ್ರೂ ಹಣೆ ಬೊಟ್ಟು ಅಳಿಸ್ಲಿಲ್ಲ."

"ಅದಕ್ಕೂ ಮೊದ್ಲು ಕೇಳಿದ್ಯಾ ಇಲ್ವಾ?"

ಬೀರ ತಲೆ ಕೆರೆದುಕೊಂಡ. "ಕೇಳಿದ್ನಪ. ನಮ್ಮಜ್ಜಿ ಎಂತದೋ ಹಿಂಗೇ ಅಂತಿತ್ತು. ಅದು ಸತ್ತು ಯಾವ ಕಾಲ ಆಯ್ತು. ಸಿದ್ದಾಪುರದ ಬದಿದು ಅದು."

ಸಿದ್ದಾಪುರ ಎಂದದ್ದೇ ರಹಿಮತ್ಬಿಯ ತಲೆಯಲ್ಲಿ ಏನೋ ಅಲುಗಿತು. ಅತ್ತೆ ಬದುಕಿರುವ ತನಕ ವರ್ಷಕ್ಕೊಮ್ಮೆ ಸಿದ್ದಾಪುರದ ಕಡೆಗೆ ಹೋಗುತ್ತಿದ್ದಳು. ನೆಂಟರೇನೂ ಇರಲಿಲ್ಲ ಅಲ್ಲಿ. ಕೈಯಲ್ಲಿ ಒಂದು ಹೊಸ ಸೀರೆ ಇರುತ್ತಿತ್ತು. ಬರುವಾಗ ಸೀರೆ ಇರುತ್ತಿರಲಿಲ್ಲ, ಬದಲು ಒಂದು ಚೀಲ ಕೆಂಪಕ್ಕಿ. ಎಲ್ಲಿಗೆ ಎಂದರೆ, "ಮನ್ಮನೆ ಊರಿಗೆ. ದ್ಯಾವಮ್ಮನ ನೋಡೋಕೆ" ಎನ್ನುತ್ತಿದ್ದಳು. ಅತ್ತೆಯ ಇಂಥ ಎಷ್ಟೋ ಸಂಗತಿಗಳನ್ನು ಸೊಸೆ ಕಿವಿಗೆ ಹಾಕಿಕೊಂಡಿರಲಿಲ್ಲ.

ಇಸಾಕ ತನ್ನ ಮೋಟಾರಿನಲ್ಲಿ ಮುಂದಿನ ಸೀಟು ಕೊಟ್ಟು ಕೂರಿಸಿಕೊಂಡ. ಸಿದ್ದಾಪುರದ ದಾರಿಯುದ್ದಕ್ಕೂ ಅವನದು ಒಂದೇ ಮಾತು.

"ಆಪಾ, ನನ್ನ ಮಾಲೀಕರ ಮನೆ ಸಂಗ್ತಿ ಇದು. ಯಾಕೆ ಎಳೀತೀಯ? ಸುಮ್ನೆ ತಪ್ಪಾಯ್ತು ಅಂದ್ಬಿಡು."

"ತಪ್ಪು ಮಾಡಿದ್ರೆ ಅನ್ನಬಹುದಿತ್ತು."

"ಹಂಗಾದ್ರೆ ಯಾರೋ ಒಬ್ಬ ಬಾಬಾ ನಿಮ್ಮತ್ತೆಗೆ ಕನಸಿನಲ್ಲಿ ಬಂದು ಹೇಳಿದ್ರು ಅನ್ನು. ಯಾರೂ ಎದುರಾಡೋದಿಲ್ಲ."

"ಬಾಬಾ ಕನ್ನಡದಲ್ಲಿ ಯಾಕೆ ಹೇಳಿದ್ರು ಅಂತ ಕೇಳಿದ್ರೆ?"

"ಶಿರಸಿಗೆ ಬಂದ್ಮೇಲೆ ಬಾಬಾ ಆದ್ರೂ ಕನ್ನಡ ಕಲೀಬೇಕಲ್ಲ" ಎಂದ ಇಸಾಕ. ಅವಳು ನಗಲಿಲ್ಲ. ಒಳಗೊಳಗೆ ಅವಳಿಗೂ ಅದೇ ಆಸೆ ಇತ್ತು. ಯಾರೋ ದೊಡ್ಡವರ ಬಾಯಿಂದ ಬಂದ ಮಾತಾಗಿರಲಿ, ಯಾವುದಾದರೂ ದರ್ಗಾದ್ದಾಗಿರಲಿ, ಜಗಲಿಯ ಗಂಡಸರು ಎದ್ದು ನಿಲ್ಲುವಂಥದ್ದಾಗಿರಲಿ ಎಂದು.

ಮನ್ಮನೆಯ ಕ್ರಾಸಿನಲ್ಲಿ ಇಳಿದು ಕೇಳುತ್ತ ಕೇಳುತ್ತ ನಡೆದಳು. ದ್ಯಾವಮ್ಮನ ಮನೆ ಗದ್ದೆಯ ತಲೆಗಿತ್ತು. ಮುದುಕಿ ಅಂಗಳದಲ್ಲಿ ಕೂತು ಬತ್ತ ಕೇರುತ್ತಿದ್ದಳು. ಕುತ್ತಿಗೆ ಒಂದು ಕಡೆಗೆ ವಾಲಿತ್ತು. ವರ್ಷಗಟ್ಟಲೆ ತಲೆಹೊರೆ ಹೊತ್ತವರ ಕುತ್ತಿಗೆ ಹಾಗೇ ಇರುತ್ತದೆ. ಅತ್ತೆಯ ಹೆಸರು ಹೇಳಿದ ಕೂಡಲೇ ಮೊರ ಕೆಳಗಿಟ್ಟಳು.

"ಅವ್ಳ ಸೊಸೆಯೇನೆ? ಬಾ, ಕೂತ್ಕ. ನಂಗೊತ್ತಾಗ್ದೇ ಹೋತು. ಸೀರೆ ಬರೋದು ನಿಂತು ಎಷ್ಟು ವರ್ಷ ಆತು. ಹೋದ್ಳು ಅಂತ ತಿಳ್ಕಂಡೆ. ಹೇಳಿ ಕಳಿಸ್ಬೇಕಿತ್ತು ನೀನು."

ರಹಿಮತ್ಬಿಗೆ ತಲೆ ತಗ್ಗಿತು. "ನಂಗೆ ಹೊಳೀಲಿಲ್ಲ ಅಮ್ಮ."

"ಇರ್ಲಿ ಬಿಡು. ಈಗೆಂತ ಬಂದೆ?"

ಅವಳು ಮಾತು ಹೇಳಿದಳು. ಟಾಕೀಸು, ರಾಣಿ, ನಗು, ಜಗಲಿ ಎಲ್ಲ ಹೇಳಿದಳು. ಯಾರು ನಕ್ಕದ್ದು ಎಂಬುದೊಂದನ್ನು ಇಲ್ಲೂ ಬಿಟ್ಟಳು. ದ್ಯಾವಮ್ಮ ಕೇಳುತ್ತಲೇ ಬಾಯಿಗೆ ಎಲೆ ಹಾಕಿಕೊಂಡಳು.

"ರಾಣಿ ಹೇಳಿದ್ಳಾ ಅದ್ನ? ಅದು ನಮ್ಮ ಮಾತು ಮಾರಾಯ್ತಿ. ಹೊರೆ ಹೊರೋ ಹೆಂಗಸ್ರದ್ದು."

ದ್ಯಾವಮ್ಮನ ತವರು ಘಟ್ಟದ ತಲೆಯಲ್ಲಿ. ಮೋಟಾರು ಬರುವ ಮೊದಲು ಕೆಳಗಿನಿಂದ ಉಪ್ಪು, ಒಣಮೀನು, ಕಾಯಿ ಎಲ್ಲ ತಲೆಯ ಮೇಲೆಯೇ ಘಟ್ಟ ಹತ್ತಬೇಕಿತ್ತು. ಗಾಡಿ ಹೋಗದ ಕಾಲುದಾರಿ. ಅವಳ ತಾಯಿ ವೆಂಕಮ್ಮ, ಅವಳು, ಅವರ ಓರಗೆಯ ಹೆಂಗಸರು ಸಾಲಾಗಿ ಹತ್ತುತ್ತಿದ್ದರು. ಹತ್ತಿ ಮುಗಿಯುವಲ್ಲಿ ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಇಟ್ಟಿದ್ದರು, ಹೊರೆ ಇಳಿಸಿ ಉಸಿರು ಬಿಡಲಿಕ್ಕೆ.

"ಆ ಕಲ್ಲು ನಿಲ್ಸಿದ್ದು ಗಂಡಸ್ರು. ಅವ್ರ ಎತ್ತರಕ್ಕೆ ನಿಲ್ಸಿದ್ರು. ಅವ್ರು ಹೋಗಿ ತಲೆ ಜಾರಿಸಿದ್ರೆ ಹೊರೆ ಕಲ್ಲಿನ ಮೇಲೆ. ನಮ್ಗೆ ನಿಲ್ಕೋದಿಲ್ಲ. ಹೆಂಗಸು ಹೊರ್ತಾಳೆ ಅಂತ ಅವ್ರಿಗೆ ನೆನ್ಪಾಗ್ಲಿಲ್ಲ ಕಾಣ್ತದೆ. ಅದ್ಕೇ ಒಬ್ಳ ಹೊರೆ ಇನ್ನೊಬ್ಳು ಇಳಿಸ್ಬೇಕು. ಮೊದ್ಲು ಇಳಿಸ್ಕಂಡವ್ಳು ಹಿಂದಿನವ್ಳದ್ದು ಇಳಿಸೋದು. ಇಳ್ಸಿ ಹೇಳೋದು, ಹೊರೆ ಇಳಿಸಿದ್ವೇ ತಂಗಿ, ಇನ್ನು ಕೈ ಬೀಸಿ ನಡಿ ಅಂತ. ತಲೆ ಮೇಲೆ ಹೊರೆ ಇದ್ರೆ ಒಂದು ಕೈ ಮೇಲೆ ಹಿಡ್ದಿರ್ತದೆ, ಇನ್ನೊಂದ್ರಲ್ಲಿ ಕೋಲೋ ಮಗುವೋ. ಎರಡೂ ಕೈ ಬೀಸೋದು ಅಂದ್ರೆ ಏನು ಅಂತ ಹೊತ್ತವ್ರಿಗೇ ಗೊತ್ತು."

ರಹಿಮತ್ಬಿ ತನ್ನ ಎರಡು ಕೈ ನೋಡಿಕೊಂಡಳು. ಅತ್ತೆ ಯಾಕೆ ತೋಳು ನೇರ ಮಾಡಿ ಆಮೇಲೆಯೇ ಮಾತು ಹೇಳಬೇಕು ಎನ್ನುತ್ತಿದ್ದಳೆಂದು ಈಗ ಹೊಳೆಯಿತು.

"ನಮ್ಮತ್ತೆಗೆ ಹೇಗೆ ಬಂತಮ್ಮ?"

"ಪ್ಲೇಗಿನ ವರ್ಷ." ದ್ಯಾವಮ್ಮ ದನಿ ತಗ್ಗಿಸಿದಳು. "ಊರೂರೇ ಬಿಟ್ಟು ಓಡ್ತಿದ್ರು. ನಿನ್ನತ್ತೆ ತನ್ನ ತಾಯಿ ಕಟ್ಕಂಡು ಕೆಳಗಿಂದ ಹತ್ತಿ ಬಂದ್ಳು. ಜೊತೆಗಿದ್ದವ್ರು ತಾಯಿ ಮೈಮೇಲೆ ಪ್ಲೇಗಿನ ಗಂಟು ಕಂಡ ಕೂಡ್ಲೆ ಬಿಟ್ಟು ಓಡಿದ್ರು. ತಾಯಿ ಆ ಕಲ್ಲಿನ ಹತ್ರ ಹೋತು. ನಾವೆಲ್ಲ ದೂರ ನಿಂತ್ಕಂಡು ನೋಡ್ತಿದ್ವಿ. ನಾನೂ ನಿಂತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅವ್ಳು ಕೂಗ್ತಿದ್ಳು, ನೀರು ಹೊಯ್ಯೋಕೆ ಒಬ್ರು ಬನ್ನಿ, ನಾನೊಬ್ಳೇ ತೊಳೆಯೋಕಾಗೋದಿಲ್ಲ ಅಂತ. ಯಾರು ಹೋಗ್ತಾರೆ? ನಮ್ಮಮ್ಮ ಹೋತು. ಸೀರೆ ಬಿಚ್ಚಿ ಗಿಡಕ್ಕೆ ಕಟ್ಟಿ ಮರೆ ಮಾಡ್ತು. ಹಳ್ಳದ ನೀರು ತಂದು ಹೊಯ್ತು. ಕಡೆಗೆ ನಿನ್ನತ್ತೆ ಕೇಳಿದ್ಳಂತೆ, ನಂಗೆ ದುವಾ ಪೂರ್ತಿ ಬರೋದಿಲ್ಲ, ನೀವೇ ಏನಾದ್ರೂ ಒಂದು ಹೇಳಿ ಅಂತ. ನಮ್ಮಮ್ಮಂಗೆ ಎಂತ ಬರ್ತದೆ? ಬರೋದು ಅದೊಂದೇ ಮಾತು. ಅದ್ನೇ ಹೇಳ್ತು. ತಂಗಿ ಅನ್ನೋ ಬದ್ಲು ತಾಯಿ ಅಂತು."

ಅಂಗಳದಲ್ಲಿ ಕೋಳಿಗಳು ಕೇರಿದ ಬತ್ತಕ್ಕೆ ಬಾಯಿ ಹಾಕುತ್ತಿದ್ದವು. ಇಬ್ಬರೂ ಓಡಿಸಲಿಲ್ಲ.

"ವೆಂಕಮ್ಮನವರು...?"

"ಆ ವಾರವೇ ಹೋತು. ಅದ್ಕೆ ನೀರು ಹೊಯ್ದಿದ್ದು ನಿನ್ನತ್ತೆ. ಆಮೇಲೆಯೇ ಅವ್ಳು ಈ ಕೆಲಸ ಹಿಡಿದದ್ದು."

ಮೋಟಾರು ತಿರುಗಿ ಬರುವ ಹೊತ್ತಾಗುವ ತನಕ ರಹಿಮತ್ಬಿ ಅಲ್ಲೇ ಕೂತಿದ್ದಳು. ಏಳುವಾಗ ಟಾಕೀಸಿನವರಿಗೆ ಹೇಗೆ ಸಿಕ್ಕಿತು ಎಂದು ಕೇಳಿದಳು. ದ್ಯಾವಮ್ಮನಿಗೆ ಟಾಕೀಸೆಂದರೆ ಏನೆಂದೇ ಗೊತ್ತಿಲ್ಲ. ಆದರೆ ನಾಟಕದ ಕಂಪನಿಯೊಂದರ ನೆನಪಿತ್ತು. ಘಟ್ಟದ ಕೆಳಗೆ ಅವರ ಗಾಡಿಯ ಅಚ್ಚು ಮುರಿದು, ಪರದೆಯ ಸುರುಳಿ, ಪೆಟ್ಟಿಗೆ, ಕಿರೀಟ ಎಲ್ಲ ಈ ಹೆಂಗಸರೇ ಹೊತ್ತು ಘಟ್ಟ ಹತ್ತಿಸಿದ್ದರು. ಪದ ಕಟ್ಟುವವನೊಬ್ಬ ಕಲ್ಲಿನ ಹತ್ತಿರ ಕೂತು, ಏನಂದಿರಿ, ಇನ್ನೊಂದು ಸಲ ಹೇಳಿ ಎಂದು ಕೇಳಿದ್ದನಂತೆ. "ಅವ್ನೇ ಕದ್ದನೋ, ಇನ್ಯಾರೋ. ಆ ಕಲ್ಲಿನ ಹತ್ರ ಎಷ್ಟು ಜನ ಕೂತು ಎದ್ದು ಹೋಗಿದಾರೆ. ಹೋಗ್ಲಿ ಬಿಡು, ಮಾತು ಕೊಟ್ರೆ ನಮ್ಗೆ ಕಮ್ಮಿ ಆತದೇನು."

ಮೋಟಾರಿನಲ್ಲಿ ಇಸಾಕ ಕೇಳಿದ. ಅವಳು ಹೇಳಿದಳು. ಅವನ ಮುಖ ಸಪ್ಪಗಾಯಿತು.

"ಕೂಲಿ ಹೆಂಗಸರ ಮಾತಾ? ಆಪಾ, ಇದನ್ನ ಜಗಲೀಲಿ ಹೇಳಬೇಡ. ಹಮಾಲರ ಮಾತು ಅಂತ ರಜಾಕ್ ಸಾಹೇಬ್ರು ಅಂದಿದ್ದು. ಹೌದು ಅಂತ ಒಪ್ಪಿಕೊಂಡ ಹಾಗೆ ಆಗ್ತದೆ. ಬಾಬಾನೇ ಒಳ್ಳೇದು."

ರಹಿಮತ್ಬಿಯ ಸಿಟ್ಟು ಹೊರಗೆ ಬಂತು. ಮೋಟಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಪ್ಲೇಗಿನ ಹೆಣಕ್ಕೆ ನೀರು ಹೊಯ್ಯೋಕೆ ನಿನ್ನ ಬಾಬಾ ಬಂದಿರಲಿಲ್ಲ ಕಣೋ! ಬಂದವಳ ಹೆಸರು ತೆಗೆದು ಬರದವನ ಹೆಸರು ಹೇಳ್ಲಾ?"

ಆಮೇಲೆ ಶಿರಸಿ ಮುಟ್ಟುವ ತನಕ ಇಸಾಕ ಹಾರನ್ನು ಬಿಟ್ಟು ಬೇರೆ ಸದ್ದು ಮಾಡಲಿಲ್ಲ.

ಹಯಾತ್ ಸಾಹೇಬರ ಜಗಲಿಯಲ್ಲಿ ಮತ್ತೆ ಜನ ಕೂಡಿತು. ಒಳಮನೆಯಲ್ಲಿ ಹೆಂಗಸರೂ ಬಂದಿದ್ದರು. ಪರದೆಯ ಮರೆಯಿಂದ ರಹಿಮತ್ಬಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಘಟ್ಟ, ಕಲ್ಲು, ಗಿಡಕ್ಕೆ ಕಟ್ಟಿದ ಸೀರೆ, ವೆಂಕಮ್ಮ. ಅವಳಿಗೆ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ, ನಡುನಡುವೆ ನಿಲ್ಲುತ್ತಿದ್ದಳು. ಅಲ್ಲಿ ಕೂತವರ ಮನೆಗಳಲ್ಲೂ ಪ್ಲೇಗಿಗೆ ಹೋದವರಿದ್ದರು. ತೊಳೆಯದೆ ಹಾಗೇ ಮಣ್ಣು ಮಾಡಿದವರೂ ಇದ್ದರು.

ಹಯಾತ್ ಸಾಹೇಬರು ಪರದೆಯ ಕಡೆ ತಿರುಗಿದರು.

"ಮಾತಿನ ಸಂಗತಿ ತೀರಿತು. ಆ ವೆಂಕಮ್ಮನಿಗೆ ಅಲ್ಲಾ ಒಳ್ಳೆಯದು ಮಾಡಲಿ. ಟಾಕೀಸಿನದಲ್ಲ ಅಂತ ನಾನು ಒಪ್ಪಿದೆ. ಆದರೆ ನಗು, ಬೂಬು? ನಗು ಹೊರಗಿನವರು ಕಿವಿಯಾರೆ ಕೇಳಿದ್ದಾರೆ."

ರಜಾಕರು ತಲೆ ಎತ್ತಿದರು. "ಹೌದು. ಮಾತು ಎಲ್ಲಿಯದಾದರೂ ಆಗಲಿ. ನನ್ನ ಹೆಂಡತಿ ಮುಂದೆ ನಕ್ಕದ್ದು ಯಾಕೆ? ಅದೊಂದು ಹೇಳಲಿ."

ಒಳಗೆ ಹೆಂಗಸರ ನಡುವೆ ಯಾರದೋ ಬಳೆ ಸದ್ದಾಯಿತು. ರಹಿಮತ್ಬಿ ಹಿಂದಿರುಗಿ ನೋಡಲಿಲ್ಲ.

"ಅದನ್ನ ಮೊದಲೇ ಹೇಳಿದೀನಿ. ಪರದೆ ಒಳಗಿನದು."

"ಹಾಗಾದರೆ ನನ್ನ ಮನೆ ಬಾಗಿಲಿಗೆ ಇವಳು ಬರೋದು ಬೇಡ" ಎಂದು ರಜಾಕರು ಎದ್ದು ಹೋದರು. ಅವರ ಹಿಂದೆ ಉಳಿದವರೂ ಎದ್ದರು. ಹಯಾತ್ ಸಾಹೇಬರು ಮಾತ್ರ ಖಾಲಿ ಜಗಲಿಯಲ್ಲಿ ಕೂತು ಪರದೆಯ ಕಡೆ ನೋಡುತ್ತಿದ್ದರು. ಅವರಿಗೆ ಏನೋ ಅಂದಾಜು ಸಿಕ್ಕಿರಬೇಕು. ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಓಣಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಬುರ್ಖಾ ಹಾಕಿದವಳೊಬ್ಬಳು ಬಾಗಿಲು ದಾಟಿ ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಮುಖ ತೆಗೆದಾಗ ಜೈನಾಬ್. ಕೂರು ಎಂದರೆ ಕೂರಲಿಲ್ಲ.

"ಖಾಲಾ, ಯಾಕೆ ಹೇಳಲಿಲ್ಲ ನನ್ನ ಹೆಸರು?"

"ನಿನಗೆ ತಿಳಿಯೋದಿಲ್ಲ. ಬಂದ ಕೆಲಸ ಹೇಳು."

ಹುಡುಗಿ ಅಳುತ್ತ ಅಳುತ್ತ ಹೇಳಿದಳು. ಅವರ ಮನೆ ಪೇಟೆಯ ಬೀದಿಗೇ ಇದೆ. ಅಮ್ಮೀಯ ಮಂಚ ಕಿಟಕಿಯ ಪಕ್ಕ. ಎದುರಿನ ವಖಾರಿಯಲ್ಲಿ ಹಮಾಲರು ದಿನವಿಡೀ ಮೂಟೆ ಇಳಿಸಿ ರಾಗ ಎಳೆಯುತ್ತಿದ್ದರು. ತಿಂಗಳುಗಟ್ಟಲೆ ಯಾವುದಕ್ಕೂ ನಗದಿದ್ದ ಅಮ್ಮೀ ಅದನ್ನು ಕೇಳಿ ನಗುತ್ತಿದ್ದರು. ಕೆಮ್ಮು ಬರುವ ತನಕ ನಗುತ್ತಿದ್ದರು. ಬೀರ ತಡಮಾಡಿದರೆ, "ಎಲ್ಲಿ ಹೋದ ಇವತ್ತು ನಮ್ಮ ರಾಣಿ?" ಎನ್ನುತ್ತಿದ್ದರು. 

ಹೋಗುವ ಹಿಂದಿನ ದಿನವೂ ನಕ್ಕಿದ್ದರು.

"ನೀವು ಕಿವೀಲಿ ಹೇಳಿದ ಕೂಡ್ಲೆ ಅಮ್ಮೀ ಈಗ ನಗ್ತಾರೆ ಅನ್ನಿಸ್ತು ಖಾಲಾ. ಅವರು ನಗಲಿಲ್ಲ. ನಂಗೆ ಬಂದುಬಿಡ್ತು. ಆಮೇಲೆ ಎಲ್ಲರಿಗೂ ಕೇಳಿರ್ತದೆ ಅಂತ ಹೆದರಿಕೆ ಆಯ್ತು. ನಿಮ್ಮ ಮೇಲೆ ಕೂಗಿಬಿಟ್ಟೆ. ಎಷ್ಟು ದೊಡ್ಡ ಗುನಾಹ್ ಮಾಡಿದೆ ನಾನು?"

ರಹಿಮತ್ಬಿ ಎದ್ದು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟಳು. ಹುಡುಗಿ ಕುಡಿಯುವ ತನಕ ಕಾದಳು.

"ನಕ್ಕದ್ದು ಏನೂ ಅಲ್ಲ. ಆ ಜಾಗದಲ್ಲಿ ಜನಕ್ಕೆ ಏನೇನೋ ಆಗ್ತದೆ, ನಾನು ನೋಡಿದೀನಿ. ಕೊಡ ಬೀಳಿಸಿದೆ ನೋಡು, ಅದು ತಪ್ಪು. ತಳದಲ್ಲಿ ಕರ್ಪೂರದ ನೀರು ಇನ್ನೂ ಇತ್ತು, ಎಲ್ಲ ಚೆಲ್ಲಿ ಹೋಯ್ತು. ನೀರು ಹೊಯ್ಯೋರು ಕೈ ಬಿಡಬಾರದು."

ಜೈನಾಬ್ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು. ಆಮೇಲೆ ಕೇಳಿದಳು, "ಅಬ್ಬಾಗೆ ಹೇಳ್ಲಾ?"

"ನನ್ನ ಕೇಳಬೇಡ. ನನಗೆ ಹೇಳೋ ಹಾಗಿಲ್ಲ. ನೀನು ಹೇಳಬಾರದು ಅಂತ ಯಾರೂ ಕಟ್ಟಳೆ ಇಟ್ಟಿಲ್ಲ. ನಿಮ್ಮ ಅಮ್ಮ ನಿನ್ನವಳು."

ಹೇಳಿದಳೋ ಇಲ್ಲವೋ ರಹಿಮತ್ಬಿಗೆ ತಿಳಿಯಲಿಲ್ಲ. ಕೇರಿಯಲ್ಲಿ ಯಾವ ಮಾತೂ ಏಳಲಿಲ್ಲ. ಮಳೆಗಾಲ ಹಿಡಿಯಿತು. ಮೇಲಿನ ಓಣಿಯಲ್ಲಿ ಒಬ್ಬಳು ಬಾಣಂತಿ ತೀರಿಕೊಂಡಳು, ಬನವಾಸಿಯವಳು ಬಂದು ತೊಳೆದು ಹೋದಳು. ರಹಿಮತ್ಬಿ ಬಾಗಿಲು ಎಳೆದುಕೊಂಡು ಕೌದಿ ಹೊಲಿದಳು. ಜನಾಜಾ ಹೊತ್ತವರು ಓಣಿಯಲ್ಲಿ ಹಾದುಹೋಗುವಾಗ ಸೂಜಿ ನಿಲ್ಲಿಸಿದಳು. ಆ ಬಾಣಂತಿಯ ನಿಕಾದಲ್ಲಿ ಅವಳಿಗೆ ಮೆಹಂದಿ ಹಚ್ಚಿದವಳೂ ಇವಳೇ. ಕಿವಿಯಲ್ಲಿ ಹೇಳಬೇಕಾದದ್ದು ಬಾಯಿಯಲ್ಲೇ ಉಳಿಯಿತು.

ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ ಬಂದು ಸುಮ್ಮನೆ ನಿಂತರು. ಆಳಲ್ಲ. ಅಬ್ದುಲ್ ರಜಾಕ್ ಸಾಹೇಬರೇ, ಕೈಯಲ್ಲಿ ಕೊಡೆ ಮಡಚಿ ಹಿಡಿದು. ಹೆಣದ ಮನೆಯ ಯಜಮಾನ ಹೆಣ ತೊಳೆಯುವವಳ ಬಾಗಿಲಿಗೆ ತಾನಾಗಿ ಬರುವ ಪದ್ಧತಿ ಆ ಕೇರಿಯಲ್ಲಿ ಇರಲಿಲ್ಲ.

"ಫೂಫಿ ಹೋದ್ರು" ಎಂದರು.

ರಹಿಮತ್ಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. ಏಳಲಿಲ್ಲ.

"ಬನವಾಸಿಯವಳಿಗೆ ಹೇಳಿ ಕಳಿಸಿಲ್ವಾ?"

"ಇಲ್ಲ." ಅವರು ಕೊಡೆಯ ತುದಿಯಿಂದ ಮೆಟ್ಟಿಲ ಕಲ್ಲನ್ನು ಕೆರೆದರು. "ಜೈನಾಬ್ ಹೇಳಿದ್ಲು. ಎಲ್ಲ ಹೇಳಿದ್ಲು. ಆವತ್ತೇ ಹೇಳಿದ್ಲು. ಬರೋದಕ್ಕೆ ನನಗೇ ಇಷ್ಟು ದಿನ ಹಿಡೀತು."

ರಹಿಮತ್ಬಿಯ ನಾಲಿಗೆಯ ತುದಿಗೆ ಬಂದದ್ದು ಬಹಳ ಇತ್ತು. ಇಡೀ ಮಳೆಗಾಲ ಕೂಡಿಟ್ಟದ್ದು. ಎದುರಿಗೆ ನಿಂತ ಮನುಷ್ಯನ ಗಡ್ಡ ಒಂದೇ ಬೇಸಗೆಯಲ್ಲಿ ಬೆಳ್ಳಗಾಗಿತ್ತು. ಅವಳು ಇಷ್ಟೇ ಕೇಳಿದಳು:

"ನಾನು ಬಂದ್ರೆ ನನ್ನ ಮಾತೂ ಬರ್ತದೆ. ಆಗ್ಬಹುದಾ?"

"ಒಳಗೆ ನೀವು ಏನು ಹೇಳ್ತೀರೋ ನನಗೇನು ಗೊತ್ತು ಬೂಬು? ಅದು ಪರದೆ ಒಳಗಿನದು" ಎಂದರು ರಜಾಕರು.

ಅವಳು ಒದ್ದೆಯಾಗಲಿಕ್ಕೆಂದೇ ಇಟ್ಟ ಹಳೆ ಸೀರೆ ಉಟ್ಟು ಬಂದಳು. ರಜಾಕರ ಹಿತ್ತಲಲ್ಲಿ ಪರದೆ ಕಟ್ಟಿ ಆಗಿತ್ತು, ಒಲೆಯ ಮೇಲೆ ಬೋರೆ ಎಲೆಯ ನೀರು ಮರಳುತ್ತಿತ್ತು. ಬಾವಿಯ ಹತ್ತಿರ ಜೈನಾಬ್ ತೋಳು ಮೇಲೇರಿಸಿಕೊಂಡು ಕೊಡ ತುಂಬುತ್ತಿದ್ದಳು. ರಹಿಮತ್ಬಿ ಕೊಡದ ಕಂಠ ಮುಟ್ಟಿ, ಬೆರಳಿನಿಂದ ತೋರಿಸಿದಳು.

"ಇಲ್ಲಿ ಹಿಡಿ. ಒಂದು ಕೈ ಅಡಿಗೆ ಕೊಡು. ಹಾಂ, ಹಾಗೆ. ನಡಿ ಒಳಗೆ."